ಅರ್ಥ ಆಮೇಲೆ

"ನಾನೇನು ಕಿವುಡ ಅಲ್ಲ ಕಣೆ," ಎಂದ ಗಂಡ, ಶೂ ಲೇಸು ಕಟ್ಟುತ್ತ.

ಅವಳು ಹೇಳಿದ್ದು ಇಷ್ಟೇ: ಕೀಲಿ ಮೇಜಿನ ಮೇಲಿದೆ. ಕೀಲಿ. ಮೇಜಿನ ಮೇಲೆ. ಹೇಳುವಾಗ ಬಲಗೈ ತಾನಾಗಿ ಎದ್ದು, ಐದೂ ಬೆರಳು ಜೋಡಿಸಿಕೊಂಡು ಮೇಜನ್ನು ತೋರಿಸಿತ್ತು. ಮೇಜು ಅವನ ಮೂಗಿನಿಂದ ಎರಡು ಅಡಿ ದೂರದಲ್ಲಿತ್ತು.

"ಅಭ್ಯಾಸ," ಎಂದಳು.

"ಅಭ್ಯಾಸಾನ ಕ್ಲಾಸಲ್ಲಿ ಇಟ್ಕೋ. ಮೊನ್ನೆ ಅತ್ತಿಗೆ ಕೇಳಿದ್ರು, ನಿನ್ನ ಹೆಂಡ್ತಿ ನನ್ ಹತ್ರ ಯಾಕೆ ಎಳೇ ಮಗು ಹತ್ರ ಮಾತಾಡೋ ಹಾಗೆ ಮಾತಾಡ್ತಾಳೆ ಅಂತ." ಅವನು ಎದ್ದ. "ಇವತ್ತೇ ಅಲ್ವಾ ಇಂಟರ್‌ವ್ಯೂ?"

"ಹನ್ನೊಂದಕ್ಕೆ."

"ಆಗತ್ತೆ ಬಿಡು."

ಹಿಂದಿನ ಐದು ಸಲವೂ ಅವನು ಇದನ್ನೇ ಹೇಳಿದ್ದ. ಪ್ರತಿ ಸಲವೂ ಬಾಗಿಲ ಹಿಡಿಯ ಮೇಲೆ ಕೈ ಇಟ್ಟುಕೊಂಡೇ ಹೇಳಿದ್ದ.

ಅವಳು ಸ್ಪ್ಯಾನಿಷ್ ಕಲಿಸುತ್ತಿದ್ದಳು. ಖಚಿತವಾಗಿ ಹೇಳುವುದಾದರೆ, ಸ್ಪ್ಯಾನಿಷ್‌ನ ಮೊದಲ ಹನ್ನೆರಡು ವಾರಗಳನ್ನು ಕಲಿಸುತ್ತಿದ್ದಳು. ಭಾಷಾ ಸಂಸ್ಥೆಯ ಮೂರನೆಯ ಮಹಡಿಯ ಕೊನೆಯ ಕೋಣೆಯಲ್ಲಿ ಹನ್ನೊಂದು ವರ್ಷ, ವರ್ಷಕ್ಕೆ ನಾಲ್ಕು ತಂಡಗಳಂತೆ ನಲವತ್ತನಾಲ್ಕು ಸಲ, ಇದು ಕುರ್ಚಿ, ಅದು ಕಿಟಕಿ, ನಾನು ವಿದ್ಯಾರ್ಥಿ. ಹನ್ನೆರಡನೆಯ ವಾರದ ಕೊನೆಗೆ ತಂಡ ಎರಡನೆಯ ಮಹಡಿಗೆ ಇಳಿಯುತ್ತಿತ್ತು. ಅಲ್ಲಿ ಅವರು ನಿನ್ನೆಯ ಬಗ್ಗೆ ಮಾತಾಡಲು ಕಲಿಯುತ್ತಿದ್ದರು. ಮೊದಲನೆಯ ಮಹಡಿಯಲ್ಲಿ, ಬೇರೆ ಅಧ್ಯಾಪಕರ ಕೈಕೆಳಗೆ, ವಾದ ಮಾಡಲು. ಅವಳ ಕೋಣೆಯಲ್ಲಿ ಯಾರಿಗೂ ನಿನ್ನೆ ಎಂಬುದು ಇರಲಿಲ್ಲ.

ಮೊದಲ ಮಹಡಿಯ ಹುದ್ದೆ ಎರಡು ವರ್ಷಕ್ಕೊಮ್ಮೆ ಖಾಲಿಯಾಗುತ್ತಿತ್ತು. ನಲವತ್ತು ದಾಟಿದವರ ಅರ್ಜಿಯನ್ನು ಪರಿಗಣಿಸುವುದಿಲ್ಲ ಎಂಬುದು ಸಂಸ್ಥೆಯ ನಿಯಮ. ಅವಳಿಗೆ ಮೂವತ್ತೊಂಬತ್ತು ವರ್ಷ ಏಳು ತಿಂಗಳು. ಲೆಕ್ಕ ಸರಳವಾಗಿತ್ತು.

ಹಿಂದಿನ ಐದು ಅರ್ಜಿಗಳಿಗೂ ನಿರ್ದೇಶಕರು ಒಂದೇ ಮಾತಿನ ಉತ್ತರ ಕೊಟ್ಟಿದ್ದರು: "ನಿಮ್ಮ ಹಾಗೆ ಹೊಸಬರಿಗೆ ಕಲಿಸೋರು ಎಲ್ಲಿ ಸಿಗ್ತಾರೆ ಮೇಡಂ? ನೀವು ನಮ್ಮ ಅಡಿಪಾಯ." ಅಂದಿನಿಂದ ಅಧ್ಯಾಪಕರ ಕೋಣೆಯಲ್ಲಿ ಅವಳ ಹೆಸರೇ ಅಡಿಪಾಯ ಎಂದಾಯಿತು. ಹೊಗಳಿಕೆಯೋ ಕುಹಕವೋ ಎಂದು ತಿಳಿಯುವ ಗೋಜಿಗೆ ಅವಳು ಹೋಗಿರಲಿಲ್ಲ. ಈ ಬೆಳಿಗ್ಗೆ ಫ್ರೆಂಚ್ ಮೇಡಂ ಚಹಾ ಕಲಕುತ್ತ ಆ ಗೋಜನ್ನು ಪರಿಹರಿಸಿದರು.

"ಅಡಿಪಾಯ ಅಂದ್ರೆ ಏನು ಹೇಳಿ? ಮೊದಲು ಗುಂಡಿ ತೋಡ್ತಾರೆ. ಆಮೇಲೆ ಹಾಕಿ ಮುಚ್ತಾರೆ. ಮನೆ ಚೆನ್ನಾಗಿದೆ ಅಂತ ಬಂದೋರು ಅದನ್ನ ನೋಡ್ತಾರಾ?"

"ಇವತ್ತು ಅಗೆದು ತೆಗೀತಾರೇನೋ," ಎಂದಳು ಅವಳು.

"ಅಗೆದ್ರೆ ಮನೆ ಬೀಳತ್ತಲ್ಲ," ಎಂದರು ಫ್ರೆಂಚ್ ಮೇಡಂ, ಮತ್ತು ತಮ್ಮ ಮಾತಿಗೆ ತಾವೇ ಮೆಚ್ಚಿ ಇನ್ನೊಂದು ಬಿಸ್ಕತ್ತು ತೆಗೆದುಕೊಂಡರು.

ಅವಳ ತೊಡೆಯ ಮೇಲೆ ಕಡತವಿತ್ತು. ಇಪ್ಪತ್ತಮೂರು ಪ್ರಮಾಣಪತ್ರಗಳು, ದಿನಾಂಕದ ಕ್ರಮದಲ್ಲಿ. ವೃತ್ತಿಯ ಬೆಳವಣಿಗೆಗಾಗಿ ಸಂಸ್ಥೆ ಅವಳನ್ನು ಕಳಿಸಿದ ಇಪ್ಪತ್ತಮೂರು ಕಾರ್ಯಾಗಾರಗಳು: ಮೊದಲ ಹತ್ತು ನಿಮಿಷ, ಚಿತ್ರಫಲಕದ ಬಳಕೆ, ಹಾಡಿನ ಮೂಲಕ ಸಂಖ್ಯೆಗಳು, ಮತ್ತೆ ಮೊದಲ ಹತ್ತು ನಿಮಿಷ. ಎಲ್ಲಕ್ಕಿಂತ ಕೆಳಗೆ, ಕಾಗದ ಹಳದಿಗಟ್ಟಿದ ವಿಶ್ವವಿದ್ಯಾಲಯದ ಪ್ರಬಂಧ. ಅರವತ್ತೆಂಟು ಪುಟ, ಸ್ಪ್ಯಾನಿಷ್‌ನಲ್ಲೇ ಬರೆದದ್ದು. ಅದನ್ನು ಮಂಡಿಸುವಾಗ ಇಬ್ಬರು ಪ್ರಾಧ್ಯಾಪಕರೊಂದಿಗೆ ಐವತ್ತು ನಿಮಿಷ ಜಗಳವಾಡಿ ಗೆದ್ದಿದ್ದಳು. ಅವಳಿಗೆ ಆಗ ಇಪ್ಪತ್ತನಾಲ್ಕು.

ಹನ್ನೊಂದು ಗಂಟೆ ಐದು ನಿಮಿಷಕ್ಕೆ ಕರೆದರು.

ಮೇಜಿನ ಆಚೆ ನಿರ್ದೇಶಕರು, ಪಕ್ಕದಲ್ಲಿ ಹೊರಗಿನಿಂದ ಬಂದ ಪರೀಕ್ಷಕಿ. ಸ್ಪ್ಯಾನಿಷ್ ಆಕೆಯ ತಾಯ್ನುಡಿ. ಹದಿನಾಲ್ಕು ವರ್ಷಗಳಿಂದ ಈ ಸಂಸ್ಥೆಯನ್ನು ನಡೆಸುತ್ತಿದ್ದ ನಿರ್ದೇಶಕರಿಗೆ ಸ್ಪ್ಯಾನಿಷ್ ಬರುತ್ತಿರಲಿಲ್ಲ. ಅವರು ಅಭ್ಯರ್ಥಿಯ ಮುಖ ನೋಡಿ ಅಂಕ ಹಾಕುತ್ತಿದ್ದರು.

ಪರೀಕ್ಷಕಿ ಕೇಳಿದಳು, ಸಹಜವಾದ ವೇಗದಲ್ಲಿ: ಇಷ್ಟು ವರ್ಷ ಹೊಸಬರ ಜೊತೆ ಇದ್ದವರು ಈಗ ಅವರನ್ನು ಬಿಡಲು ಏಕೆ ಬಯಸುತ್ತೀರಿ? ಅವರ ನಡುವೆ ನೀವು ಏನನ್ನಾದರೂ ಕಳೆದುಕೊಂಡಿರಾ?

ಪ್ರತಿಯೊಂದು ಪದವೂ ಅರ್ಥವಾಯಿತು. ಪ್ರಶ್ನೆಯಲ್ಲಿದ್ದ ಕರುಣೆಯೂ ಅರ್ಥವಾಯಿತು. ಉತ್ತರ ಸಿದ್ಧವಿತ್ತು, ಒಂದು ನಿಮಿಷ ನಲವತ್ತು ಸೆಕೆಂಡಿನದು, ಸ್ನಾನದ ಮನೆಯಲ್ಲಿ ಗಡಿಯಾರ ಹಿಡಿದು ಅಭ್ಯಾಸ ಮಾಡಿದ್ದು. ಬಾಯಿ ತೆರೆದಳು.

"ನಾನು ಅಧ್ಯಾಪಕಿ," ಎಂದಳು ಸ್ಪ್ಯಾನಿಷ್‌ನಲ್ಲಿ. ಮಾತು ನಿಲ್ಲಿಸಿ ಪರೀಕ್ಷಕಿಗೆ ಅರ್ಥವಾಯಿತೇ ಎಂದು ನೋಡಿದಳು. "ನಾನು ಇಲ್ಲಿ ಕೆಲಸ ಮಾಡುತ್ತೇನೆ. ಹನ್ನೊಂದು ವರ್ಷ." ಹತ್ತು ಬೆರಳು ಎತ್ತಿ ತೋರಿಸಿದಳು, ನಂತರ ಒಂದು. "ನನ್ನ ಕೋಣೆ ಚಿಕ್ಕದು. ಚಿಕ್ಕದು." ಎರಡು ಅಂಗೈ ಒಂದಕ್ಕೊಂದು ಹತ್ತಿರ ಬಂದವು.

ಒಳಗೆ ಯಾರೋ ಕಿರುಚುತ್ತಿದ್ದರು. ಹೊರಗೆ ಅವಳ ಧ್ವನಿ ಮಧುರವಾಗಿ, ಸ್ಪಷ್ಟವಾಗಿ, ನಿಮಿಷಕ್ಕೆ ಮೂವತ್ತು ಪದಗಳಂತೆ ಹೋಗುತ್ತಿತ್ತು. ಪ್ರತಿ ವಾಕ್ಯದ ಕೊನೆಗೆ ಹುಬ್ಬು ಎತ್ತಿ ಪ್ರೋತ್ಸಾಹದ ನಗೆ ನಗುತ್ತಿದ್ದಳು. ಅದನ್ನು ನಿಲ್ಲಿಸಲು ತುಟಿ ಕಚ್ಚಿದಳು. ಸಾಧ್ಯವಾಗಲಿಲ್ಲ.

ಆಗ ಎಲ್ಲಕ್ಕಿಂತ ಕೆಟ್ಟದ್ದು ನಡೆಯಿತು. ಪರೀಕ್ಷಕಿಯೂ ಮೆಲ್ಲಗೆ, ತುಸು ಗಟ್ಟಿಯಾಗಿ, ಪದ ಬಿಡಿಸಿ ಮಾತಾಡತೊಡಗಿದಳು. ನಿಮಗೆ. ಪುಸ್ತಕಗಳು. ಇಷ್ಟವೇ?

"ಹೌದು," ಎಂದಳು ಅವಳು. "ಪುಸ್ತಕ ಒಳ್ಳೆಯದು."

"ಮುಯ್ ಬ್ಯೆನ್," ಎಂದಳು ಪರೀಕ್ಷಕಿ. ತುಂಬ ಚೆನ್ನಾಗಿದೆ ಎಂದು. ಆ ಎರಡು ಪದಗಳನ್ನು ಹನ್ನೊಂದು ವರ್ಷಗಳಲ್ಲಿ ಎಷ್ಟು ಮಂದಿ ದಡ್ಡರ ಮುಖಕ್ಕೆ ತಾನು ಎಸೆದಿದ್ದೆ ಎಂಬುದರ ಲೆಕ್ಕ ಅವಳಿಗಿರಲಿಲ್ಲ.

ನಿರ್ದೇಶಕರು ಹಿಗ್ಗಿದರು. "ಅದೇನು ಸ್ಪಷ್ಟತೆ ನೋಡಿ. ನನಗೇ ಅರ್ಥ ಆಯ್ತು."

ಮೂರೂ ಮುಕ್ಕಾಲಿಗೆ ಅವರು ತಮ್ಮ ಕೋಣೆಗೆ ಕರೆಸಿದರು. ಪರೀಕ್ಷಕಿ ಆಗಲೇ ಹೊರಟುಹೋಗಿದ್ದಳು. ಹವಾನಿಯಂತ್ರಕದ ಕೆಳಗೆ ಒಂದು ಬಕೆಟ್ ಇಟ್ಟಿದ್ದರು.

"ಕೂತ್ಕೊಳ್ಳಿ ಮೇಡಂ. ಊಟ ಆಯ್ತಾ?"

"ನಿರ್ಧಾರ ಏನಾಯ್ತು ಸಾರ್?"

"ನಿರ್ಧಾರ ಅಂತಲ್ಲ. ಒಂದು ದಾರಿ ಅಂತ ಇಟ್ಕೊಳ್ಳಿ." ಒಂದು ಕಾಗದವನ್ನು ಮೇಜಿನ ಮೇಲೆ ಜಾರಿಸಿದರು. ಮೇಲ್ಭಾಗದಲ್ಲಿ ದಪ್ಪ ಅಕ್ಷರದಲ್ಲಿ: ವೃತ್ತಿ ಬೆಳವಣಿಗೆ ಯೋಜನೆ. ಕೆಳಗೆ ಅವಳ ಹೆಸರು. ಅದರ ಕೆಳಗೆ, ಎರಡನೆಯ ಮಹಡಿಯ ತರಗತಿಗೆ ಆರು ತಿಂಗಳ ಕಾಲ ಪ್ರತಿ ಶನಿವಾರ ವಿದ್ಯಾರ್ಥಿಯಾಗಿ ಹಾಜರಾಗಲು ಪರೀಕ್ಷಕಿಯ ಶಿಫಾರಸು. ಅಧ್ಯಾಪಕರ ಹೆಸರಿನ ಜಾಗದಲ್ಲಿದ್ದ ಹೆಸರನ್ನು ಅವಳು ಎರಡು ಸಲ ಓದಿದಳು. ಏಳು ವರ್ಷದ ಹಿಂದೆ ಅವಳ ಕೋಣೆಯ ಮೂರನೆಯ ಸಾಲಿನಲ್ಲಿ, ಪೆನ್ನಿನ ತುದಿ ಕಚ್ಚುತ್ತ ಕೂರುತ್ತಿದ್ದವನು.

"ಇವನಿಗೆ 'ನನ್ನ ಹೆಸರು ಇಂಥದ್ದು' ಅಂತ ಹೇಳೋದು ಕಲಿಸಿದ್ದೇ ನಾನು ಸಾರ್."

"ಹೆಮ್ಮೆ ಪಡಬೇಕು ನೀವು. ನಿಮ್ಮ ಶಿಷ್ಯರೂ ಅಂದ್ರು, ಮೇಡಂ ಕ್ಲಾಸಿಗೆ ಬರ್ತಾರೆ ಅಂದ್ರೆ ಭಯ ಆಗತ್ತೆ ಅಂತ." ನಕ್ಕರು.

"ಐದು ಸಲ ಅರ್ಜಿ ಹಾಕಿದೆ. ಐದು ಸಲಾನೂ ತಡೆದ್ರಿ. ನಾನು ಎಲ್ಲಾ ಮರೆಯೋ ತನಕ ಕಾದು, ಈಗ ಮರೆತಿದ್ದೀರಿ ಅಂತೀರಲ್ಲ."

"ತಡೆದೆ ಅನ್ಬೇಡಿ ಮೇಡಂ. ಉಳಿಸ್ಕೊಂಡೆ ಅನ್ನಿ."

"ಸಹಿ ಹಾಕ್ಲಿಲ್ಲ ಅಂದ್ರೆ?"

"ಹಾಕ್ತೀರಿ ಬಿಡಿ." ಅವರು ಬಕೆಟ್ಟಿನ ಕಡೆ ನೋಡಿದರು. "ಸೋಮವಾರ ಮುಂದಿನ ತಂಡಗಳ ಪಟ್ಟಿ ಮಾಡ್ಬೇಕು. ಯಾರ ಹೆಸರು ಎಲ್ಲಿ ಬರೀಬೇಕು ಅಂತ ನನಗೂ ಗೊತ್ತಾಗ್ಬೇಕಲ್ಲ. ನಾಲ್ಕು ಗಂಟೆಗೆ ಕ್ಲಾಸಿದೆಯಲ್ವಾ ನಿಮಗೆ? ಲೇಟಾಗತ್ತೆ."

ಮೆಟ್ಟಿಲು ಹತ್ತುವಾಗ ಉತ್ತರಗಳು ಬರತೊಡಗಿದವು. ಕನ್ನಡದಲ್ಲಿ ಬಂದಿದ್ದರೆ ಅವಳಿಗೆ ಆಶ್ಚರ್ಯವಾಗುತ್ತಿರಲಿಲ್ಲ. ಅವು ಸ್ಪ್ಯಾನಿಷ್‌ನಲ್ಲಿ ಬಂದವು. ಇಪ್ಪತ್ತನಾಲ್ಕರ ಹರೆಯದ ಸ್ಪ್ಯಾನಿಷ್‌ನಲ್ಲಿ, ಒಂದು ವಾಕ್ಯದ ಹೊಟ್ಟೆಯಲ್ಲಿ ಇನ್ನೊಂದು ವಾಕ್ಯವಿಟ್ಟುಕೊಂಡು, ನಿನ್ನೆಗಳ ಸಮೇತ, ಹಾಗಾಗಿದ್ದರೆ ಹೀಗಾಗುತ್ತಿತ್ತು ಎಂಬ ಲೆಕ್ಕಗಳ ಸಮೇತ. ಕೆಳಗಿಳಿದು ಹೋಗಿ ಹೇಳಬೇಕೆಂದು ಎರಡನೆಯ ಮಹಡಿಯಲ್ಲಿ ನಿಂತಳು. ಯಾರಿಗೆ ಹೇಳುವುದು? ಪರೀಕ್ಷಕಿ ಹೋಗಿದ್ದಳು. ಇದ್ದವರಿಗೆ ಭಾಷೆ ಬರುತ್ತಿರಲಿಲ್ಲ.

ಕೋಣೆಯಲ್ಲಿ ಹದಿನಾಲ್ಕು ಮಂದಿ ಕಾದಿದ್ದರು. ಇವತ್ತಿಗೆ ಅವರದು ಮೂರನೆಯ ದಿನ. ನಿವೃತ್ತ ಬ್ಯಾಂಕ್ ಅಧಿಕಾರಿ, ಹಲ್ಲಿನ ವೈದ್ಯೆ, ಸೊಸೆಯೊಬ್ಬಳನ್ನೇ ಏಕೆ ಕಳಿಸಬೇಕೆಂದು ತಾನೂ ಸೇರಿಕೊಂಡ ಒಬ್ಬ ಅತ್ತೆ. ಈ ಕೋಣೆಯ ಪದ್ಧತಿಯನ್ನು ಅವಳೇ ಒಂಬತ್ತು ವರ್ಷದ ಹಿಂದೆ ರೂಪಿಸಿದ್ದಳು: ನಾಲಿಗೆ ಮೊದಲು, ಅರ್ಥ ಆಮೇಲೆ. ಮೊದಲ ಎರಡು ವಾರ ಅಧ್ಯಾಪಕಿ ಹೇಳಿದ್ದನ್ನೆಲ್ಲ ಇಡೀ ತರಗತಿ ಒಟ್ಟಿಗೆ ಹೇಳಬೇಕು, ಅವಳ ಕೈಯನ್ನು, ಮುಖವನ್ನು, ಉಸಿರನ್ನು ಹಾಗೇ ಅನುಕರಿಸಬೇಕು, ಏನೆಂದು ಕೇಳಬಾರದು. ಫಲಿತಾಂಶ ಅತ್ಯುತ್ತಮವಾಗಿತ್ತು.

ಅವಳು ಹಾಜರಿ ತೆಗೆದುಕೊಳ್ಳಲಿಲ್ಲ. ಗೋಡೆಯ ಕಡೆ ನೋಡಿ, ಸ್ಪ್ಯಾನಿಷ್‌ನಲ್ಲಿ ಹೇಳಿದಳು:

"ನೀವು ನನ್ನನ್ನು ಹನ್ನೊಂದು ವರ್ಷ ಹೊಸಿಲಲ್ಲಿ ನಿಲ್ಲಿಸಿದಿರಿ."

"ನೀವು ನನ್ನನ್ನು ಹನ್ನೊಂದು ವರ್ಷ ಹೊಸಿಲಲ್ಲಿ ನಿಲ್ಲಿಸಿದಿರಿ," ಎಂದಿತು ತರಗತಿ.

ಅವಳು ಬೆಚ್ಚಿ ತಿರುಗಿದಳು. ಹದಿನಾಲ್ಕು ಮುಖಗಳು ಹೊಳೆಯುತ್ತಿದ್ದವು.

"ಒಳಗೆ ಬಿಡಲಿಲ್ಲ, ಹೊರಗೂ ಕಳಿಸಲಿಲ್ಲ."

"ಒಳಗೆ ಬಿಡಲಿಲ್ಲ, ಹೊರಗೂ ಕಳಿಸಲಿಲ್ಲ."

"ಹೇಳಬೇಕಾದದ್ದೆಲ್ಲ ನನ್ನ ಬಾಯಲ್ಲೇ ಕೊಳೆಯುವ ತನಕ ಕಾದಿರಿ," ಮೇಜಿಗೆ ಮುಷ್ಟಿ ಅಪ್ಪಳಿಸಿದಳು, "ಈಗ ಬಾಯಿ ನಾರುತ್ತದೆ ಎನ್ನುತ್ತೀರಿ."

ಹದಿನಾಲ್ಕು ಮುಷ್ಟಿಗಳು ಹದಿನಾಲ್ಕು ಮೇಜುಗಳ ಮೇಲೆ ಬಿದ್ದವು. ಹಲ್ಲಿನ ವೈದ್ಯೆ 'ನಾರುತ್ತದೆ' ಎಂಬುದನ್ನು ಅತ್ಯಂತ ಪ್ರಸನ್ನಳಾಗಿ ಹೇಳಿದಳು. ಬ್ಯಾಂಕ್ ಅಧಿಕಾರಿ ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು.

"ಇವತ್ತಿನ ಪಾಠ ಏನೇ ಇದು?"

"ಸುಮ್ನಿರಿ ಅತ್ತೆ. ಹಾಡು ಅನ್ಸತ್ತೆ."

ಅವಳು ನಿಲ್ಲಲಿಲ್ಲ. ನಿರ್ದೇಶಕರನ್ನು ಕಳ್ಳ ಎಂದಳು, ತರಗತಿಯೂ ಎಂದಿತು. ಗಂಡನ ಕೈ ಯಾವಾಗಲೂ ಬಾಗಿಲ ಹಿಡಿಯ ಮೇಲೆ ಏಕಿರುತ್ತದೆ ಎಂದು ಕೇಳಿದಳು, ತರಗತಿಯೂ ಕೇಳಿತು. ಇಷ್ಟು ಒಳ್ಳೆಯ ಸ್ಪ್ಯಾನಿಷ್ ಅವಳು ಹದಿನೈದು ವರ್ಷಗಳಲ್ಲಿ ಮಾತಾಡಿರಲಿಲ್ಲ. ಸಿಟ್ಟೆಲ್ಲ ಸೋಸಿಹೋಗಿ, ಉಚ್ಚಾರ ಮಾತ್ರ ಉಳಿದು, ಅದು ಹದಿನಾಲ್ಕು ಕಂಠಗಳಿಂದ ಅವಳಿಗೇ ಮರಳುತ್ತಿತ್ತು. ಒಂದು ಕಡೆ ಬ್ಯಾಂಕ್ ಅಧಿಕಾರಿಯ ನಾಲಿಗೆ ತೊಡರಿತು. ಅವಳು ತಡೆದು, ತಿದ್ದಿ, ಮತ್ತೆ ಹೇಳಿಸಿದಳು. ಸರಿಯಾಗಿ ಹೇಳಿದಾಗ ಅವಳ ತಲೆ ತಾನಾಗಿ ಮೆಚ್ಚುಗೆಯಿಂದ ಅಲ್ಲಾಡಿತು.

ಬಾಗಿಲಿನ ಗಾಜಿನಾಚೆ ನಿರ್ದೇಶಕರು ಬಂದು ನಿಂತರು. ಸೇರಲು ಬಂದ ಯಾರೋ ದಂಪತಿಗೆ ಒಳಗೆ ಬೆರಳು ತೋರಿಸಿ ಏನೋ ಹೇಳಿದರು. ದಂಪತಿ ತಲೆದೂಗಿದರು. ಮೂವರೂ ಮುಂದೆ ಹೋದರು.

ಅವಳು ಸುಮ್ಮನಾದಳು. ತರಗತಿಯೂ ಸುಮ್ಮನಾಯಿತು. ಕೆನ್ನೆಯ ಮೇಲೆ ಏನೋ ಇಳಿದಂತಾಗಿ, ಎಡಗೈಯ ಹಿಂಬದಿಯಿಂದ ಒರೆಸಿಕೊಂಡಳು.

ಹದಿನಾಲ್ಕು ಎಡಗೈಗಳು ಒಟ್ಟಿಗೆ ಮೇಲೆದ್ದು, ಹದಿನಾಲ್ಕು ಒಣ ಕೆನ್ನೆಗಳನ್ನು ಎಚ್ಚರಿಕೆಯಿಂದ ಒರೆಸಿದವು. ಮತ್ತು ಮುಂದಿನದಕ್ಕೆ ಕಾದವು.