ಗೆರೆಗೆ ಇನ್ನು ಚೋಟುದ್ದ ನೆಲ

ಗೋಣೆಪ್ಪನ ಕೈಯಲ್ಲಿನ ತೂತು ಡಬ್ಬಿಯಿಂದ ಸುಣ್ಣದ ಪುಡಿ ಉದುರುತ್ತಿದೆ, ಹುಡುಗಿಯರ ಕಾಲಿಗೆ ಅಳಿಸಿಹೋದ ನಡುಗೆರೆ ಮತ್ತೆ ಬೆಳ್ಳಗೆ ಮೂಡುತ್ತಿದೆ, ಶಿರಹಟ್ಟಿಯ ಕೆಮ್ಮಣ್ಣಿನ ಮೇಲೆ ಅದು ಹಸಿ ಗಾಯಕ್ಕೆ ಸುತ್ತಿದ ಪಟ್ಟಿಯಂತೆ ಕಂಡಿತು ಮುಸ್ತಾಕನಿಗೆ, ಕಂಡದ್ದೇ ತಡ ಬಲಮೊಣಕಾಲು ಒಳಗೊಳಗೇ ಚುರುಕ್ಕೆಂದಿತು, ಗೆರೆ ಕಂಡರೆ ಸಾಕು ಅದಕ್ಕೆ ಎಲ್ಲ ನೆನಪಾಗುತ್ತದೆ, ಆ ಗೆರೆ ಬೇರೆಯದು, ನೀಲಿ ಮ್ಯಾಟಿನ ಮೇಲಿನದು, ದೀಪಗಳ ಕೆಳಗೆ ಹೊಳೆಯುವಂಥದ್ದು, ಅದರತ್ತ ಚಾಚಿದ ಬೆರಳುಗಳು, ಬೆರಳಿಗೂ ಗೆರೆಗೂ ನಡುವೆ ಚೋಟುದ್ದ ನೆಲ, ಟಿ.ವಿ.ಯವರು ಅದನ್ನೇ ನಿಧಾನಗೊಳಿಸಿ ತಿರುತಿರುಗಿ ತೋರಿಸಿದ್ದರು — ಸರ, ಜಲ್ದಿ ಹೇಳ್ರಿ, ಈಗ ಶಿಳ್ಳಿ ಹಾಕ್ತಾರ, ಎಂದು ಮೆಹನಾಜ ಅವನ ತೋಳು ಜಗ್ಗುತ್ತಾಳೆ, ಅವನು ತರಬೇತಿ ಕೊಟ್ಟ ಮುಂಡರಗಿ ತಂಡದಲ್ಲಿ ಮೂಲೆ ಕಾಯುವವಳು, ಹಿಡಿದ ಕಾಲು ಬಿಡದವಳು; ಉಳಿದಿರುವುದು ಒಂದೇ ದಾಳಿ, ಗದಗ ತಂಡದಿಂದ ಶೈಲಾ ಬರುತ್ತಾಳೆ, ಒಬ್ಬಳನ್ನು ಮುಟ್ಟಿ ಮರಳಿದರೆ ಢಾಲು ಅವಳದು, ಢಾಲಿನ ಮಾತು ಅತ್ತ ಇರಲಿ, ರಾಜ್ಯ ತಂಡಕ್ಕೆ ಹುಡುಗಿಯರನ್ನು ಆರಿಸುವವರು ಮುಂದಿನ ಸಾಲಿನಲ್ಲೇ ಕೂತಿದ್ದಾರೆ, ಮತ್ತು ವೇದಿಕೆಯ ಮೇಲೆ ಕೊರಳ ತುಂಬ ಹಾರ ಹಾಕಿಕೊಂಡು ಶೈಲಾಳ ಅಣ್ಣ ವೀರು, ಮುಖ್ಯ ಅತಿಥಿ, ಮುಸ್ತಾಕನ ಕಾಲು ಮುರಿದ ವೀರು.

ಮುರಿದ ಎನ್ನುವುದನ್ನು ಯಾರೂ ಹೇಳುವುದಿಲ್ಲ, ಮುಸ್ತಾಕನ ಕಥೆಯನ್ನು ಊರೂರಿನವರು ತಮಗೆ ತಿಳಿದಂತೆ ಹೇಳಿಕೊಳ್ಳುತ್ತಾರೆ, ಕಳಸಾಪುರದವರು ದೃಷ್ಟಿ ತಾಗಿತು ಎನ್ನುತ್ತಾರೆ, ಲಕ್ಷ್ಮೇಶ್ವರದ ಸಂತೆಯಲ್ಲಿ ರೊಕ್ಕದ ಸೊಕ್ಕು ಎನ್ನುತ್ತಾರೆ, ಹಮ್ಮಿಗಿಯ ಹೊಳೆದಂಡೆಯವರಂತೂ ಅವನನ್ನು ಸಾಯಿಸಿಯೇ ಕಥೆ ಮುಗಿಸುತ್ತಾರೆ, ಅಲ್ಲಿ ಮುದುಕಿ ಗದಿಗೆವ್ವ ಅವನಿಗೇ ಚಹಾ ಕೊಡುತ್ತ, ಬಂಗಾರದಂಥಾ ಹುಡುಗ ಇದ್ದನಂತ ಯಪ್ಪಾ, ಟಿ.ವಿ.ಯಾಗ ಆಡ್ತಿದ್ದನಂತ, ಹೋಗಿಬಿಟ್ಟನಂತ, ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು, ಹೌದೇನಬೇ, ಪಾಪ, ಎಂದು ಅವನೂ ಚಹಾ ಕುಡಿದು ಎದ್ದು ಬಂದಿದ್ದ. ನಿಜ ಇರುವುದು ಲಕ್ಕುಂಡಿಯ ಮೆಟ್ಟಿಲ ಬಾವಿಯಲ್ಲಿ — ಹೈಸ್ಕೂಲಿನ ಬಿಸಿಲಲ್ಲಿ ಅವನೂ ವೀರುವೂ ಒಂದೇ ಉಸಿರಿನಲ್ಲಿ ಕಬಡ್ಡಿ ಕಬಡ್ಡಿ ಎನ್ನುತ್ತ ಆ ಮೆಟ್ಟಿಲುಗಳನ್ನು ಇಳಿಯುತ್ತಿದ್ದರು, ಉಸಿರು ಬಿಟ್ಟವನು ಸೋತ, ನೀರಿನ ಅಂಚಿನ ಪಾಚಿಗಟ್ಟಿದ ಮೆಟ್ಟಿಲನ್ನು ಬಲಗಾಲಿನಿಂದ ತಡಕುವಾಗ ಹೊಟ್ಟೆ ಬಿಗಿಯುತ್ತಿತ್ತು, ದನಿ ತಾನಾಗಿ ಕೆಳಗಿಳಿಯುತ್ತಿತ್ತು, ಆ ಇಳಿಯುವಿಕೆ ಅವನ ಮೈಯಲ್ಲಿ ಉಳಿದುಬಿಟ್ಟಿತು, ಕಾಲು ಚಾಚುವ ಮುನ್ನ ದನಿ ಇಳಿಯುತ್ತದೆ, ಗದಗಿನ ಕಾಲೇಜಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ, ವಿಶ್ವವಿದ್ಯಾಲಯದ ತಂಡದ ನಾಯಕನಾದಾಗಲೂ ಇಲ್ಲ, ಲೀಗಿನವರು ಕರೆದೊಯ್ದು ಹೆಸರು ಬರೆದ ಅಂಗಿ ತೊಡಿಸಿ, ಮೊದಲ ದಾಳಿಯೂ ನಿನ್ನದೇ ಕೊನೆಯ ದಾಳಿಯೂ ನಿನ್ನದೇ ಎಂದಾಗಲೂ ಇಲ್ಲ, ಎರಡು ಹಂಗಾಮು ಅವನು ಬೆಂಕಿ, ಮೂರನೆಯದರಲ್ಲಿ ಎದುರು ತಂಡದ ಮೂಲೆಯಲ್ಲಿ ವೀರು ನಿಂತಿದ್ದ, ಕಣ್ಣು ಮುಚ್ಚಿ ನಿಂತಿದ್ದ, ಅದನ್ನು ಮುಸ್ತಾಕ ಕಂಡಿದ್ದ, ಕಂಡು ನಕ್ಕಿದ್ದ, ಏನಲೇ ನಿದ್ದಿ ಹತ್ತೇತೇನು ಎಂದು ಮನಸ್ಸಿನಲ್ಲೇ ಅಂದುಕೊಂಡಿದ್ದ, ವೀರು ಕೇಳುತ್ತಿದ್ದ, ಬಾವಿಯ ಕೊನೆಯ ಮೆಟ್ಟಿಲಿಗೆ ಕಿವಿಗೊಟ್ಟಿದ್ದ, ದನಿ ಇಳಿಯಿತು, ಹಿಮ್ಮಡಿ ಸಿಕ್ಕಿತು, ಹಿಡಿದು ಬಿಟ್ಟಿದ್ದರೆ ಆಟ, ವೀರು ತಿರುವಿದ, ಮೊಣಕಾಲೊಳಗೆ ಹಸಿ ಕಬ್ಬು ಮುರಿದ ಸದ್ದಾಯಿತು, ಮುಸ್ತಾಕ ಬೆರಳು ಚಾಚಿದ, ಚೋಟುದ್ದ ನೆಲ.

ಆಟದಾಗ ಆಟ ಅಷ್ಟ, ಮನಸ್ಸಿಗೆ ಹಚ್ಚಿಕೋಬ್ಯಾಡ ದೋಸ್ತ, ಎಂದು ಫೋನಿನಲ್ಲಿ ಹೇಳಿದ್ದ ವೀರು, ಆಸ್ಪತ್ರೆಗೆ ಬರಲಿಲ್ಲ, ಬಂದವಳು ಶೈಲಾ, ಆಗ ಎರಡು ಜಡೆಯ ಹುಡುಗಿ, ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬಸ್ಸಿನಲ್ಲಿ ಒಬ್ಬಳೇ, ಅಣ್ಣ ಕಳಿಸ್ಯಾನಂತ ತಿಳೀಬ್ಯಾಡೋ, ನಾನ ಬಂದೇನಿ, ನೀ ಎದ್ದ ಮ್ಯಾಲೆ ನನಗ ಕಬಡ್ಡಿ ಕಲಸ್ಬೇಕು ನೋಡು. ಕಲಿಸಿದ, ಮತ್ತೇನು ಕೆಲಸವಿತ್ತು, ಮಲಂಗಸಾಬನ ಅಂಗಡಿಯ ಮುಂದೆ ಬಾರಲೇ ಟಿ.ವಿ. ಮುಸ್ತಾಕ, ಕರೆಂಟ್ ಹೋತೇನು ನಿಂದು, ಎನ್ನಿಸಿಕೊಳ್ಳುವುದಕ್ಕಿಂತ ಬಾವಿಯೇ ಮೇಲು, ಅದೇ ಮೆಟ್ಟಿಲು, ಅದೇ ಒಂದುಸಿರು, ಅವಳು ಇಳಿಯುತ್ತಿದ್ದಳು, ಅವನು ಕೋಲೂರಿಕೊಂಡು ಮೇಲೆ ನಿಂತು ಕೇಳುತ್ತಿದ್ದ, ನೀರಿನ ಅಂಚಿನಲ್ಲಿ ಅವಳ ದನಿಯೂ ಇಳಿಯಿತು, ಆ ದಿನವೇ ತಿದ್ದಬಹುದಿತ್ತು, ತಿದ್ದಲಿಲ್ಲ, ಯಾಕೆ ತಿದ್ದಲಿಲ್ಲ, ವೀರುವಿನ ತಂಗಿಯ ಕೊರಳಲ್ಲಿ ತನ್ನ ಕೊರಳು ಕೇಳಿ ಖುಷಿಯಾಗಿತ್ತೇ, ಅಥವಾ ಅಂದೇ ಈ ಸಂಜೆಗಾಗಿ ಎತ್ತಿಟ್ಟುಕೊಂಡನೇ — ಇವತ್ತು ಆಟಕ್ಕೆ ಮುಂಚೆ ಎದುರಾಳಿ ತಂಡದ ಗುರುವೆಂದೂ ನೋಡದೆ ಓಡಿಬಂದಿದ್ದಳು, ಮೊಣಕಾಲ ಹೆಂಗೈತೋ ಅಣ್ಣಾ, ಥಂಡಿಗೆ ಹಿಡೀತೈತೇನು, ಎಂದಿದ್ದಳು.

ಸರ. ಮೆಹನಾಜಳ ಕಣ್ಣು. ವೇದಿಕೆಯ ಮೇಲೆ ವೀರು ಯಾರದೋ ಮಾತಿಗೆ ನಗುತ್ತಿದ್ದಾನೆ, ಹಾರದ ಹೂವೊಂದನ್ನು ಕಿತ್ತು ಮೂಸುತ್ತಿದ್ದಾನೆ, ನೋಡು, ಮೂಸು, ಹೊಟ್ಟೆತುಂಬ ಮೂಸು. ಅಕಿ ಕಾಲು ನೋಡಬ್ಯಾಡ, ದನಿ ಕೇಳು, ಎಂದ ಮುಸ್ತಾಕ, ಮಾತು ತಣ್ಣಗೆ ಬಂತು, ದನಿ ಕೆಳಗ ಇಳೀತಂದ್ರ ಬಲಗಾಲು ಬಂತಂತ ತಿಳಿ, ಹಿಮ್ಮಡಿ ಹಿಡಿ, ಹಿಡಿದು ತಿರುವು. ತಿರುವಿದ್ರ ಕಾಲ ಹೋಗ್ತೈತಲ್ರಿ ಸರ. ಹೋಗ್ಲಿ. ಹುಡುಗಿ ಅವನನ್ನು ಒಂದು ಕ್ಷಣ ನೋಡಿದಳು, ಗುರು ಹೇಳಿದ್ದನ್ನು ಎಂದೂ ಮೀರದವಳು, ಹೋಗಿ ಮೂಲೆಯಲ್ಲಿ ನಿಂತಳು, ಕಣ್ಣು ಮುಚ್ಚಿದಳು, ಕಣ್ಣು ಮುಚ್ಚು ಎಂದು ಅವನು ಹೇಳಿರಲಿಲ್ಲ, ಶಿಳ್ಳೆ, ಶೈಲಾ ಗೆರೆ ಮುಟ್ಟಿ ಹಣೆಗೊತ್ತಿಕೊಂಡು ದಾಟುತ್ತಾಳೆ, ಕಬಡ್ಡಿ ಕಬಡ್ಡಿ ಕಬಡ್ಡಿ, ಎಂಥ ಉಸಿರು, ಕಂಚಿನ ತಟ್ಟೆ ಬಡಿದಂಥದ್ದು, ಕೂಗಿಬಿಡಲೇ, ಶೈಲಾ ಹಿಂದಕ್ಕೆ ಸರಿ ಎಂದರೆ ಸಾಕು, ಬಾಯಿ ತೆರೆದಿದೆ, ಗಂಟಲಲ್ಲಿ ಬಾವಿಯ ತಂಪು, ಕಬಡ್ಡಿ ಕಬಡ್ಡಿ, ವೇದಿಕೆಯ ಮೇಲೆ ಹೂವು ಹಿಡಿದ ಕೈ ತಟ್ಟನೆ ನಿಂತಿತು, ಮೂಲೆಯಲ್ಲಿ ಕಣ್ಣು ಮುಚ್ಚಿ ನಿಂತವಳು ವೀರುವಿಗೂ ಕಂಡಳು, ಅದೇನೆಂದು ಅವನಿಗೂ ಗೊತ್ತು, ವೀರು ಎದ್ದ, ಬ್ಯಾಡಾ ಎಂದು ಚೀರಿದ, ಶೈಲಾಳ ದನಿ ಇಳಿಯಿತು.

ಹಸಿ ಕಬ್ಬು. ಜನ ಹೋ ಎನ್ನುತ್ತಿದ್ದಾರೆ, ವೀರು ಹಾರ ಹರಿದುಕೊಂಡು ವೇದಿಕೆಯಿಂದ ಧುಮುಕುತ್ತಿದ್ದಾನೆ, ಇದನ್ನೇ ನೋಡಬೇಕಿತ್ತು, ಈ ಮುಖವನ್ನೇ, ನೋಡುತ್ತಿಲ್ಲವಲ್ಲ ನಾನು, ಯಾಕೆ ನೋಡುತ್ತಿಲ್ಲ — ಶೈಲಾ ಇನ್ನೂ ಉಸಿರು ಬಿಟ್ಟಿಲ್ಲ, ಉಸಿರು ಬಿಟ್ಟವನು ಸೋತ ಎಂದು ಕಲಿಸಿದವನು ಅವನೇ, ಮಣ್ಣಿಗೆ ಕೆನ್ನೆ ಹಚ್ಚಿ, ತಿರುಚಿದ ಕಾಲನ್ನು ಹಿಂದೆ ಬಿಟ್ಟು, ಕಬಡ್ಡಿ, ಕಬಡ್ಡಿ, ಬಾವಿಯ ತಳದ ದನಿಯಲ್ಲಿ, ಅಣ್ಣನತ್ತ ಅಲ್ಲ, ಮುಸ್ತಾಕನತ್ತ ನೋಡುತ್ತ, ಕೈ ಚಾಚುತ್ತಿದ್ದಾಳೆ, ಉಗುರಿನಲ್ಲಿ ಕೆಮ್ಮಣ್ಣು, ಆಚೆ ಗೋಣೆಪ್ಪ ಈಗಷ್ಟೇ ಎಳೆದ ಹೊಸ ಸುಣ್ಣ, ಬೆರಳು, ಗೆರೆ, ಚೋಟುದ್ದ ನೆಲ, ಕಬಡ್ಡಿ, ಬೆರಳು, ಚೋಟುದ್ದ ನೆಲ, ಚೋಟುದ್ದ