ರಾಯ್ಸನ ಕ್ಲೋವರ್

"ನಿಮ್ಮ ಕ್ಲೋವರಿಗೆ ಅದೇನ್ ಹಾಕ್ತೀರಿ, ಆರ್ಡಿತ್? ಜಿಂಕೆಗೆ ಅಂತ ಈ ಸಲ ನಾನೂ ಒಂದ್ ತುಂಡು ಬಿತ್ತೋಣ ಅಂತಿದೀನಿ," ಎಂದ ಪಕ್ಕದ ಜಮೀನಿನ ರಾಯ್ಸ್, ಬೇಲಿಯ ಮೇಲೆ ಮೊಣಕೈ ಊರಿಕೊಂಡು.

ಮಾರ್ಚ್ ತಿಂಗಳು. ವಿಸ್ಕಾನ್ಸಿನ್ನಿನ ನಮ್ಮ ಕಡೆ ನೆಲ ರಾತ್ರಿ ಹೆಪ್ಪುಗಟ್ಟಿ ಬಿರಿಯುವುದು, ಹಗಲು ಸಡಿಲವಾಗುವುದು ಇದೇ ಹೊತ್ತಿನಲ್ಲಿ. ಆ ಬಿರುಕುಗಳೇ ಬೀಜವನ್ನು ನುಂಗಿಕೊಳ್ಳುತ್ತವೆ, ಉಳುವ ಕೆಲಸವಿಲ್ಲ. ಆರ್ಡಿತ್ ಕೊರಳಿಗೆ ಚೀಲ ನೇತುಹಾಕಿಕೊಂಡು ಕ್ಲೋವರ್ ಎಂಬ ಆ ಮೂರೆಲೆ ಮೇವಿನ ಸೊಪ್ಪಿನ ಬೀಜ ಚೆಲ್ಲುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

ಹೋದ ನವೆಂಬರಿನ ಗಾಯ ಅವಳಿಗೆ ಇನ್ನೂ ಹಸಿ. ಆ ದೊಡ್ಡ ಕೊಂಬಿನ ಜಿಂಕೆ ಮರಿಯಾಗಿದ್ದಾಗಿನಿಂದ ಇವರ ಕ್ಲೋವರ್ ಮೇಯ್ದೇ ಬೆಳೆದದ್ದು. ಗಂಡ ಗೇಲನ್ ಪ್ರತಿವರ್ಷ ಬಂದೂಕು ಎತ್ತಿ, "ಇನ್ನೊಂದ್ ವರ್ಷ ಬೆಳೀಲಿ ಬಿಡು" ಎಂದು ಇಳಿಸುತ್ತಿದ್ದ. ಕೊನೆಗೆ ಹೊಡೆಯಬೇಕೆಂದುಕೊಂಡ ವರ್ಷ, ಬೇಟೆಯ ಕಾಲ ಶುರುವಾದ ಮೊದಲ ಬೆಳಿಗ್ಗೆಯೇ, ಬೇಲಿಗೆ ಅಂಟಿದಂತೆ ಅಟ್ಟಣೆ ಕಟ್ಟಿ ಕೂತಿದ್ದ ರಾಯ್ಸ್ ಅದನ್ನು ಉರುಳಿಸಿದ. ಅದರ ತಲೆ ಈಗ ಊರಿನ ಬಾರಿನ ಗೋಡೆಯ ಮೇಲಿದೆ. ಗೇಲನ್ನನ ಮೂಗಿಗೆ ಆಕ್ಸಿಜನ್ ನಳಿಕೆ ಬಂದಿದೆ. ಮುಂದಿನ ಚಳಿಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಹೇಳಿಯಾಗಿದೆ. ಅಷ್ಟರೊಳಗೆ ಜಗಲಿಯಲ್ಲಿ ಕೂತೇ ಒಂದು ಒಳ್ಳೆಯ ಗಂಡು ಜಿಂಕೆ ಹೊಡೆಯಬೇಕೆಂಬ ಆಸೆ ಅವನಿಗೆ. ರಾಯ್ಸನ ಕಡೆ ಕ್ಲೋವರ್ ಎದ್ದರೆ ಜಿಂಕೆಗಳು ಅಲ್ಲೇ ನಿಂತುಬಿಡುತ್ತವೆ.

"ಯೂರಿಯಾ," ಎಂದಳು ಆರ್ಡಿತ್.

"ಮೆಕ್ಕೆಜೋಳಕ್ಕೆ ಹಾಕೋ ಹಾಗೇನಾ?"

"ಅದಕ್ಕಿಂತ ಧಾರಾಳವಾಗಿ. ಆಮೇಲೆ ಕತ್ತರಿಸೋಕೆ ಗಿತ್ತರಿಸೋಕೆ ಹೋಗ್ಬೇಡ. ಹಾಗೇ ಬಿಡು."

"ಅಷ್ಟೇನಾ! ನಾನೇನೋ ದೊಡ್ಡ ವಿದ್ಯೆ ಅನ್ಕೊಂಡಿದ್ದೆ."

ರಾಯ್ಸ್ ಹುಟ್ಟಾ ಮೆಕ್ಕೆಜೋಳ ಬೆಳೆಯುವವನು. ಯೂರಿಯಾ ಅಂದರೆ ಅವನ ಪಾಲಿಗೆ ಎಲ್ಲ ಬೆಳೆಗೂ ತಾಯಿಹಾಲು. ಕ್ಲೋವರ್ ಬಟಾಣಿಯ ಹಾಗೆ ತನಗೆ ಬೇಕಾದ ಗೊಬ್ಬರವನ್ನು ಬೇರಿನ ಗಂಟಿನಲ್ಲೇ ಮಾಡಿಕೊಳ್ಳುತ್ತದೆ, ಮೇಲಿಂದ ಹಾಕಿದ್ದೆಲ್ಲ ಕಳೆಹುಲ್ಲಿನ ಪಾಲು, ಕತ್ತರಿಸದೆ ಬಿಟ್ಟರೆ ಆ ಹುಲ್ಲು ಕ್ಲೋವರನ್ನೇ ಮುಚ್ಚಿಹಾಕುತ್ತದೆ ಎಂದು ಅವನಿಗೆ ಯಾರು ಹೇಳಬೇಕು?

ಆಗಸ್ಟಿನ ಒಂದು ಸಂಜೆ ಆರ್ಡಿತ್ ತನ್ನ ಕ್ಲೋವರಿನ ತುದಿ ಕತ್ತರಿಸಿ ಮುಗಿಸಿ ಯಂತ್ರ ನಿಲ್ಲಿಸಿದ್ದಳು. ರಾಯ್ಸ್ ಬೇಲಿಗೆ ಬಂದ. ಅವನ ಹಿಂದೆ ಎದೆಮಟ್ಟದ ಒರಟು ಹುಲ್ಲು; ಹುಡುಕಿದರೂ ಒಂದು ಮೂರೆಲೆ ಸಿಗದು.

"ಬೇಕಂತಲೇ ಹೇಳಿದ್ರಿ, ಅಲ್ವಾ?"

"ಹ್ಞೂಂ."

"ಥೂ, ಅಕ್ಕಪಕ್ಕದವರಾಗಿ ಹೀಗಾ ಮಾಡೋದು? ಆ ಜಿಂಕೆ ನನ್ನ ನೆಲದ ಮೇಲೇ ನಿಂತಿತ್ತು ಕಣ್ರೀ. ಕಾನೂನು ನನ್ ಕಡೆ."

"ಯೂರಿಯಾ ಹಾಕು ಅನ್ನೋಕೂ ಯಾವ ಕಾನೂನೂ ಅಡ್ಡ ಇಲ್ಲಪ್ಪ."

"ಗೇಲನ್‌ಗೆ ಗೊತ್ತಾ ಇದು?"

"ಹೇಳಿದ ದಿನ ನಕ್ಕೂ ನಕ್ಕೂ ನಳಿಕೆ ಕಿತ್ಕೊಂಡ್ ಬಂತು. ಆ ನಗು ಕೇಳಿ ಎಷ್ಟು ಕಾಲ ಆಗಿತ್ತೋ. ನಿನಗೊಂದು ಥ್ಯಾಂಕ್ಸ್ ಹೇಳ್ಬೇಕು ಅಂತಿದ್ದೆ."

ಅಷ್ಟರಲ್ಲಿ ಹೊಲದ ಆ ತುದಿಯಲ್ಲಿ ರಾಯ್ಸನ ಹುಲ್ಲು ಸರಸರ ಅಂದಿತು. ಹಗಲೆಲ್ಲ ಅದರ ಮರೆಯಲ್ಲಿ ಮಲಗಿದ್ದ ಕೊಬ್ಬಿದ ಗಂಡು ಜಿಂಕೆಯೊಂದು ಎದ್ದು, ಬೇಲಿ ಹಾರಿ, ಆರ್ಡಿತಳ ಕ್ಲೋವರಿಗೆ ಬಾಯಿ ಹಾಕಿತು. ಜಗಲಿಯಲ್ಲಿ ಗೇಲನ್ ನಿಧಾನವಾಗಿ ಕುರ್ಚಿಯನ್ನು ಆ ಕಡೆಗೆ ತಿರುಗಿಸಿಕೊಂಡ.