ಎನೋಕ್ ಜೆಂಕಿನ್ಸನ್‌ನ ಶುಕ್ರವಾರದ ಶಂಕೆ

ಎನೋಕ್ ಜೆಂಕಿನ್ಸನ್ ಕರಿದ ಮೀನಿನ ಪೊಟ್ಟಣ ಬಿಚ್ಚುವುದನ್ನು ಕಂಡವರಿಗೆ, ಆತ ಊಟಕ್ಕಲ್ಲ, ಶವಪರೀಕ್ಷೆಗೆ ಕುಳಿತಂತೆ ತೋರುತ್ತಿತ್ತು. ಮರದ ಪುಟ್ಟ ಫೋರ್ಕಿನಿಂದ ಹೊಂಬಣ್ಣದ ಹಿಟ್ಟಿನ ಕವಚವನ್ನು ಮೆಲ್ಲನೆ ಎತ್ತಿ, ಬೆಳ್ಳನೆಯ ಪದರಗಳನ್ನು ಬಿಡಿಸಿ, ಮೂಗಿಗೆ ಹಿಡಿದು, ಎಡಗಣ್ಣನ್ನು ಕಿರಿದಾಗಿಸಿ ಅಂಗಡಿಯತ್ತ ನೋಡಿದ ಮೇಲೆಯೇ ಮೊದಲ ತುತ್ತು. ಯೌವನವನ್ನೆಲ್ಲ ಉತ್ತರ ಸಮುದ್ರದ ದೋಣಿಗಳಲ್ಲಿ ಸವೆಸಿದವನು; ನೆಲದ ಮೇಲೂ ಕಾಲಗಲಿಸಿಯೇ ನಡೆಯುತ್ತಿದ್ದ. ನೆಲವನ್ನೂ ಆತ ಪೂರ್ತಿ ನಂಬಿರಲಿಲ್ಲ.

ನಮ್ಮೂರು ಫೈಲಿಯ ಕಡಲದಂಡೆಗಿಳಿಯುವ ಓಣಿಯಲ್ಲಿ ಹಿಲ್ಡಾ ಕ್ಯಾಪಲ್‌ಮನ್‌ಳ ಕರಿದ ಮೀನಿನ ಅಂಗಡಿ. ಶುಕ್ರವಾರದ ಸಾಲಿನಲ್ಲಿ ನಾನೂ ಒಬ್ಬ. ಒಂದು ವಸಂತದಲ್ಲಿ, ಹಿಲ್ಡಾ ದನದ ಕೊಬ್ಬನ್ನು ಬಿಟ್ಟು ಅಗ್ಗದ ಎಣ್ಣೆಯಲ್ಲಿ ಕರಿಯುತ್ತಿದ್ದಾಳೆಂಬ ಗುಮಾನಿ ಎನೋಕನ ತಲೆ ಹೊಕ್ಕಿತು. ಮೀನನ್ನು ದನದ ಕೊಬ್ಬಿನಲ್ಲೇ ಕರಿಯಬೇಕೆನ್ನುವ ನಮ್ಮ ಯಾರ್ಕ್‌ಶೈರಿನಲ್ಲಿ ಇದು ಸಣ್ಣ ಅಪವಾದವಲ್ಲ. ಆತ ಸಾಲಿನುದ್ದಕ್ಕೂ ಪಿಸುಗುಟ್ಟಿದ. ನನ್ನ ಆಲೂಗಡ್ಡೆಯ ತುಂಡುಗಳಲ್ಲೂ ಏನೋ ಕಮಟು ವಾಸನೆ ಬಂದಂತಾಯಿತು. ವಾರವಾರಕ್ಕೂ ಸಾಲು ಕರಗಿತು. ಸಹಾಯಕ್ಕಿದ್ದ ಹೆಂಗಸನ್ನು ಹಿಲ್ಡಾ ಕೆಲಸದಿಂದ ಬಿಡಿಸಬೇಕಾಯಿತು.

ಕೊನೆಗೊಂದು ದಿನ ಅವಳು ಕೈಯೊರೆಸಿಕೊಳ್ಳುತ್ತ ಬೀದಿಗೇ ಬಂದಳು.

"ಬನ್ನಿ ಸಾಹೇಬ್ರೇ, ಒಳಗ್ ಬಂದು ಬಾಣಲೆಗೇ ಮೂಗು ಇಡಿ. ನಮ್ಮಪ್ಪ ಕರೀತಿದ್ದ ಕೊಬ್ಬೇ ಅದು. ಅಲ್ಲ ಅಂದ್ರೆ ನಾಳೆಯಿಂದ ಬಾಗಿಲು ಹಾಕ್ತೀನಿ."

ಎನೋಕ್ ಒಳಹೊಕ್ಕು, ಬಿಳಿಯ ಕೊಬ್ಬಿನ ಗಟ್ಟಿಯನ್ನು ಬೆರಳಿನಿಂದ ಒತ್ತಿ, ಮೂಸಿ, ನಾಲಗೆಗೆ ಹಚ್ಚಿಕೊಂಡ. ನಾವು ಬಾಗಿಲಿನಿಂದ ಇಣುಕಿ ನೋಡುತ್ತಿದ್ದೆವು. ಹೊರಬಂದವನ ಮುಖ ಏನನ್ನೋ ಕಳೆದುಕೊಂಡವನಂತಿತ್ತು.

"ಕೊಬ್ಬೇ," ಎಂದಷ್ಟೇ ಹೇಳಿ ಹೊರಟುಹೋದ.

ಸಾಲು ಮರಳಿ ಬೆಳೆಯಿತು. ಮುಂದಿನ ಶುಕ್ರವಾರ ಸಾಲು ಸರಿದು ಅಂಗಡಿಯ ಕಟ್ಟೆಯ ಬಳಿ ಬಂದ ಎನೋಕ್, ಮೀನಿಗೆ ಚಿಮುಕಿಸುವ ವಿನೆಗರ್ ಸೀಸೆಯನ್ನು ಬೆಳಕಿಗೆ ಹಿಡಿದು, ಇದಕ್ಕೆ ನೀರು ಬೆರೆಸಿದೆಯೆಂದು ಪಕ್ಕದವನಿಗೆ ಹೇಳುತ್ತಿದ್ದ.

ಆ ಚಳಿಗಾಲ ಹಿಲ್ಡಾ ಜಾರಿಬಿದ್ದು ಸೊಂಟ ಮುರಿದುಕೊಂಡಳು, ಅಂಗಡಿ ಮುಚ್ಚಿತು. ಪೇಟೆಬೀದಿಯ ಹೊಸ ಅಂಗಡಿಯಿಂದ ನಾನು ಆತನ ಮನೆಗೊಯ್ದ ಬಿಸಿ ಮೀನಿನ ಪೊಟ್ಟಣವನ್ನು ಎನೋಕ್ ಬಿಚ್ಚಲೇ ಇಲ್ಲ.

"ಆಕೇನ ಇಷ್ಟು ವರ್ಷ ಕಣ್ಣಿಟ್ಟು ಕಾದಿದ್ದೀನಿ ಕಣಯ್ಯಾ. ಹೊಸಬರ ಮೇಲೆ ಮೊದಲಿಂದ ಅನುಮಾನ ಪಡೋಕೆ ನನಗೆಲ್ಲಿದೆ ಶಕ್ತಿ?"

ಹಿಲ್ಡಾ ಕೋಲೂರಿಕೊಂಡು ಮರಳುವವರೆಗೂ ಆತ ಶುಕ್ರವಾರಗಳನ್ನು ರೊಟ್ಟಿ-ಚೀಸಿನಲ್ಲಿ ಕಳೆದ.

ನಂಬುವವರಿಗೆ ಅಂಗಡಿ ಬದಲಿಸುವುದು ಸುಲಭ. ನಂಬಿಕೆಯನ್ನು ಎಲ್ಲಿಗಾದರೂ ಒಯ್ಯಬಹುದು. ಶಂಕಿಸುವವರು ಹಾಗಲ್ಲ. ಆಯುಷ್ಯವೆಲ್ಲ ಒಂದೇ ಬಾಗಿಲನ್ನು ಕಾದು, ಅದರಾಚೆಗೆ ಕಳ್ಳರಿಲ್ಲವೆಂದು ತಿಳಿದ ಮೇಲೂ, ಅವರು ಅಲ್ಲಿಂದ ಕದಲಲಾರರು.